ರಿವರ್ಸ್ ಇಲ್ಲದ ಏಳು ತಿಂಗಳು

ಏಳು ತಿಂಗಳು ನಾನು ಹಿಂದಕ್ಕೆ ಹೋಗಿರಲಿಲ್ಲ.
ಎಲ್ಲಿ ನಿಲ್ಲಿಸಿದರೂ ಕಾರಿನ ಮೂತಿ ರಸ್ತೆಗೆ. ಮರೆತೆನೆಂದರೆ
ಬಂಗಾರಪೇಟೆಯ ಸಬ್‌ರಿಜಿಸ್ಟ್ರಾರ್ ಕಚೇರಿ ಮುಂದೆ
ಜೆರಾಕ್ಸ್ ಅಂಗಡಿ ಹುಡುಗರು ಬಾನೆಟ್ಟಿಗೆ ಕೈ ಕೊಟ್ಟು
"ನೂಕ್ರೋ, ಪತ್ರದ ಮೇಡಮ್ಮು ಹೊರಟ್ರು" ಅನ್ನೋರು.
ಕ್ರಯಪತ್ರ, ದಾನಪತ್ರ, ಹಕ್ಕು ಖುಲಾಸೆ:
ಹಗಲೆಲ್ಲ ಊರವರ ಚಕ್ಕುಬಂದಿ ಬರೆಯುವ ನನಗೆ
ಪೂರ್ವಕ್ಕೆ ಗೋಡೆ ಇದ್ದಲ್ಲಿ ಜಾಗವಿಲ್ಲ.

ಆಮೇಲೆ ಇರುವ ಮೂರು ಗೇರಿನಲ್ಲಿ ಮೂರನೆಯದೂ ಜಾರತೊಡಗಿತು.
ಇಂಜಿನ್ ಕೂಗುತ್ತದೆ, ಚಕ್ರ ಕೇಳಿಸಿಕೊಳ್ಳುವುದಿಲ್ಲ.
ಬೇತಮಂಗಲದ ಕೆರೆ ಏರಿ ಹತ್ತುವಾಗ
ಎರಡು ಮೂಟೆ ಹೂಕೋಸು ಹೊತ್ತ ಮೊಪೆಡ್ಡಿನವನು
ನನ್ನನ್ನು ದಾಟಿ ಹೋಗಿ, ಪಾಪ, ತಿರುಗಿ ನೋಡಿದ.

ಗುಜರಿಗೆ ಹಾಕಿ ಅಂದರು.
ಇಪ್ಪತ್ತೆಂಟು ಸಾವಿರ, ಅದೂ ನಿಮ್ಮ ಮುಖ ನೋಡಿ.
ಹಾಗೆ ಅಂದವರಿಗೆಲ್ಲ ಕ್ಲಚ್ ತುಳಿಯುವ ಕಾಲಿದೆ.
ನನ್ನ ಎಡಗಾಲು ಮೂರನೇ ವರ್ಷಕ್ಕೇ ಬೆಳೆಯುವುದು ಬಿಟ್ಟಿತು,
ಸೀರೆಯೊಳಗೆ ಅದಕ್ಕೆ ಇನ್ನೂ ಮೂರೇ ವರ್ಷ.
ತೊಂಬತ್ತೊಂಬತ್ತರ ಈ ಕಾರಿನಲ್ಲಿ ಮಾತ್ರ
ಅದನ್ನು ಯಾರೂ ಏನೂ ಕೇಳುವುದಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ಆರೋಗ್ಯಸ್ವಾಮಿ ಅಂತ,
ಗಣಿಯಲ್ಲಿ ಪಂಜರ ಇಳಿಸಿ ಎತ್ತುವ ಯಂತ್ರಕ್ಕೆ ಫಿಟ್ಟರ್ ಆಗಿದ್ದವರು.
ಅಲ್ಲಿಯ ಸದ್ದಿಗೇ ಕಿವಿ ಹೋಯಿತಂತೆ.
ಉದ್ದನೆ ಸ್ಕ್ರೂಡ್ರೈವರ್ ತುದಿ ಗೇರ್‌ಬಾಕ್ಸಿಗೆ ಊರಿ
ಹಿಡಿಯನ್ನು ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.
ನಾನು ವಿವರಿಸಹೊರಟೆ. ಕೈಯೆತ್ತಿ ತಡೆದರು:
"ಇರಮ್ಮ, ಅದೇ ಹೇಳ್ತಾ ಐತೆ."

ಇಳಿಸಿದ ಆಯಿಲ್ಲಿಗೆ ಸೀದ ಪಾಕದ ಬಣ್ಣ, ಸೀದದ್ದೇ ವಾಸನೆ.
ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿದರು.
ಸಣ್ಣ ಮಿಂಚು.
ಆ ಊರಲ್ಲೂ
ಮಿಂಚಿದ್ದೆಲ್ಲ ಒಳ್ಳೇ ಸುದ್ದಿಯಲ್ಲ.

"ಹಿಂದಕ್ಕೂ ಮೂರಕ್ಕೂ ಹಿಡಿಯೋದು ಒಂದೇ ಕ್ಲಚ್ಚು.
ಅದು ಸುಟ್ಟೋಗದೆ."
ಬಳೆಯಂಥ ತಟ್ಟೆಗಳನ್ನು ಒಂದೊಂದಾಗಿ ಪೇಪರ್ ಮೇಲಿಟ್ಟರು.
ಉಕ್ಕಿನ ಮೇಲೆ ಅಂಟಿಸಿದ ಆ ಪದರ ಎಂಥದ್ದು ಅಂದೆ.
ಕಾಗದ ಅಂದರು.
ಕಾಗದವೇ?
ಎಣ್ಣೆಯಲ್ಲಿ ನೆನೆದ ಕಾಗದ, ಇಬ್ಬರನ್ನು ಜಾರದಂತೆ ಹಿಡಿಯುವುದು.
ಇಪ್ಪತ್ತಾರು ವರ್ಷ ಅದೇ ಕಸುಬು ನನ್ನದು,
ಯಾರೂ ಹೀಗೆ ಬಿಚ್ಚಿ ತೋರಿಸಿರಲಿಲ್ಲ.

ವಾಲ್ವ್ ಬಾಡಿ ತೆರೆದರೆ
ಗೆದ್ದಲು ಕೊರೆದ ಹಲಗೆಯಂತೆ ದಾರಿಗಳು,
ದಾರಿಗೊಂದು ಉಕ್ಕಿನ ಗುಂಡು,
ಸಾಸಿವೆಗೆ ದೊಡ್ಡದು, ಅಲಸಂದೆಗೆ ಚಿಕ್ಕದು.
ಬರೆದಿಟ್ಟುಕೊಂಡದ್ದು ಏಳು, ತಟ್ಟೆಯಲ್ಲಿ ಇದ್ದದ್ದು ಆರು.
ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ಅಂಗಳವೆಲ್ಲ ಎಳೆದರು,
ಚರಂಡಿ ಕೆದಕಿದರು, ನನ್ನ ಕ್ಯಾಲಿಪರ್ ಷೂ ಬಿಚ್ಚಿಸಿ ಕೊಡವಿದರು.
ಕೊನೆಗೆ ಹೆಂಡತಿ ಸಗಾಯಮೇರಿ ಸೊಂಟಕ್ಕೆ ಕೈಯಿಟ್ಟು
ಕೆಂಪು ಕೋಳಿಯನ್ನೇ ದಿಟ್ಟಿಸಿದರು.
ಎರಡು ದಿನ ಅದು ಗೂಡೆ ಕೆಳಗೆ ಬಂಧಿ.
ಮೂರನೇ ದಿನ ಫೋನು: "ಸಿಕ್ತಮ್ಮ. ತೊಳೆದು ಹಾಕಿದೀನಿ."
ನಾನು ಎಲ್ಲಿ ಅಂತ ಕೇಳಲಿಲ್ಲ.

ನಲವತ್ತೊಂದು ಸಾವಿರ.
ಎರಡು ಕಂತು ಮಾಡಿಕೊಟ್ಟರು, ರಸೀದಿ ಇಲ್ಲ, ಸಾಕ್ಷಿ ಇಲ್ಲ.
"ಗಣೀಲಿ ಒಂದು ಪಟ್ಟಿ ಹಿಡಿದು ನಲವತ್ತು ಜನ ಕೆಳಗಿಳಿಯೋರು.
ಇದರಲ್ಲಿ ನೀವೊಬ್ಬರೇ ಅಲ್ವಾ" ಅಂದರು.
ಧೈರ್ಯಕ್ಕೆ ಅಂದದ್ದೋ, ಸುಮ್ಮನೆ ಲೆಕ್ಕವೋ.

ಹೊಸ ಆಯಿಲ್ಲು ದಾಳಿಂಬೆ ರಸದ ಕೆಂಪು.
ಬಲಗಾಲು ಬ್ರೇಕಿನ ಮೇಲಿಟ್ಟು ಲಿವರ್ ಎಳೆದೆ.
ಒಂದು ಕ್ಷಣ ಏನೂ ಇಲ್ಲ.
ಆರೋಗ್ಯಸ್ವಾಮಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದರು.
ಆಮೇಲೆ ಕೆಳಗಿನಿಂದ ಯಾರೋ ಸೆರಗು ಜಗ್ಗಿದಂತೆ
ಒಂದು ಸಣ್ಣ ಎಳೆತ.

ಮನೆದಾರಿ ಮುಂದಕ್ಕಿತ್ತು.
ಆದರೂ ಕತ್ತು ಹೊರಳಿಸಿ
ಗಲ್ಲಿಯುದ್ದಕ್ಕೂ ಹಿಂದಕ್ಕೇ ಹೋದೆ,
ಸಾಲುಮನೆಗಳ ಮುಂದಿಟ್ಟ ಕೊಡ, ಸೈಕಲ್ಲು, ಒಣಹಾಕಿದ ಯೂನಿಫಾರಂ
ಒಂದೊಂದೇ ನನ್ನನ್ನು ದಾಟಿ ಮುಂದೆ ಹೋದವು.
ಸಗಾಯಮೇರಿ ಕೋಳಿಯನ್ನು ಕಂಕುಳಲ್ಲಿ ಅವುಚಿ
ಗೋಡೆಗೊರಗಿ ದಾರಿ ಬಿಟ್ಟರು.